ಮರದ ಸಾಮಾನಿನ ಗುಣಮಟ್ಟದ ತಕರಾರು: ತಪ್ಪು ಮರದ್ದೋ, ಮಾಡಿದವರದ್ದೋ, ಬಳಸಿದವರದ್ದೋ?

ಸಂದುಗೊಂದು

ಒಂದು ಪ್ರಕರಣ ಇಡುತ್ತೇನೆ, ಚರ್ಚೆ ಅದರಿಂದಲೇ ಶುರುವಾಗಲಿ. ಗಟ್ಟಿ ತೇಗದ ಊಟದ ಮೇಜು. ಟಾಪ್ 1800 × 900 ಮಿ.ಮೀ., ದಪ್ಪ 25, ಆರು ಹಲಗೆ ಅಂಟಿಸಿ ಮಾಡಿದ್ದು, ಕೆಳಗೆ ಕಬ್ಬಿಣದ ಫ್ರೇಮ್. ಮನೆ ಸೇರಿದ ಐದು ತಿಂಗಳಿಗೆ ಒಂದು ತುದಿಯಿಂದ ಒಳಕ್ಕೆ ಸುಮಾರು 200 ಮಿ.ಮೀ. ಬಿರುಕು ಓಡಿದೆ. ಬಾಯಿಯ ಹತ್ತಿರ ಅಗಲ 2 ಮಿ.ಮೀ. ಗ್ರಾಹಕರು "ಹಸಿ ಮರ ಹಾಕಿ ಮೋಸ ಮಾಡಿದ್ದೀರಿ, ದುಡ್ಡು ವಾಪಸ್ ಕೊಡಿ" ಅನ್ನುತ್ತಾರೆ. ಮಾಡಿದವರು "ದಿನಾ ಎ.ಸಿ. ಹಾಕಿ ನೀವೇ ಒಣಗಿಸಿದ್ದೀರಿ, ಮರ ಅಂದಮೇಲೆ ಬಿರುಕು ಬಿಡೋದೇ" ಅನ್ನುತ್ತಾರೆ. ಬಿಲ್ಲಿನಲ್ಲಿ ಅಳತೆ ಇದೆ, ತೇವಾಂಶದ ಸುದ್ದಿಯೇ ಇಲ್ಲ. ಇಂಥದ್ದರಲ್ಲಿ ಮೊದಲು ನೋಡಬೇಕಾದ್ದು ಏನು?

ಹತ್ತರಿಪುಡಿ

ಮೇಜಿನ ಕೆಳಗೆ ಮಲಗಿ ಟಾರ್ಚ್ ಬಿಡಿ. ಬಿರುಕನ್ನು ಆಮೇಲೆ ನೋಡೋಣ. ಟಾಪನ್ನು ಫ್ರೇಮಿಗೆ ಹೇಗೆ ಹಿಡಿದಿದ್ದಾರೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಲೆಕ್ಕ ಹೀಗೆ. ತೇಗದ ತೇವಾಂಶ ಶೇ. 1ರಷ್ಟು ಇಳಿದರೆ, ಸುಳಿಸುಳಿ ಚಿತ್ರ ಕಾಣುವ ಅಗಲ ಹಲಗೆ ಅಡ್ಡಕ್ಕೆ ಸುಮಾರು ಶೇ. 0.186 ಕುಗ್ಗುತ್ತದೆ. ನೆಟ್ಟಗೆ ಗೆರೆ ಕಾಣುವ ಹಾಗೆ ಕೊಯ್ದ ಹಲಗೆಯಾದರೆ ಸುಮಾರು ಶೇ. 0.101. ನಾರಿನ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಮೇಜು ಶೇ. 12 ತೇವಾಂಶದಲ್ಲಿ ಹೊರಟು ಒಣ ಕೋಣೆಯಲ್ಲಿ ಶೇ. 8ಕ್ಕೆ ಇಳಿಯಿತು ಅಂದುಕೊಳ್ಳಿ. 900 × 0.00186 × 4, ಅಂದರೆ 6.7 ಮಿ.ಮೀ. ಇದು ಚೆನ್ನಾಗಿ ಹದವಾದ ಮರದ ಲೆಕ್ಕ, ಹಸಿ ಮರದ್ದಲ್ಲ. ಕಬ್ಬಿಣ ಒಂದು ಕೂದಲೂ ಕುಗ್ಗುವುದಿಲ್ಲ. ಗುಂಡು ತೂತು ಕೊರೆದು ಎರಡೂ ಅಂಚಿನಲ್ಲಿ ಸ್ಕ್ರೂ ಬಿಗಿದಿದ್ದರೆ ಆ 6.7 ಮಿ.ಮೀ. ಎಲ್ಲಿಗೆ ಹೋಗಬೇಕು? ಎಲ್ಲಿ ಬಲ ಕಡಿಮೆಯೋ ಅಲ್ಲಿ ಬಾಯಿ ಬಿಡುತ್ತದೆ. ಹಲಗೆಯ ತುದಿ ಎಲ್ಲಕ್ಕಿಂತ ಬೇಗ ಒಣಗುವುದರಿಂದ ಬಿರುಕು ಅಲ್ಲಿಂದಲೇ ಶುರು.

ನಡುವಿನ ಸ್ಕ್ರೂ ಮಾತ್ರ ಬಿಗಿಯಾಗಿ, ಅಂಚಿನ ಸ್ಕ್ರೂಗಳಿಗೆ ಅಡ್ಡ ದಿಕ್ಕಿನಲ್ಲಿ ಉದ್ದ ತೂತು (ಕಡೇ ಪಕ್ಷ ಎರಡೂ ಕಡೆಗೆ 5 ಮಿ.ಮೀ. ಜಾಗ) ಮತ್ತು ವಾಷರ್ ಇದ್ದರೆ ಮಾಡಿದವರು ತಮ್ಮ ಕೆಲಸ ಮಾಡಿದ್ದಾರೆ. ಆಗ ಒಣಗುವಿಕೆ, ಅಂಟು, ಬಳಕೆ ಇವುಗಳ ಕಡೆ ಹೋಗಬೇಕು. ಗುಂಡು ತೂತು ಮಾತ್ರ ಇದ್ದರೆ ಎ.ಸಿ. ವಾದ ಅಲ್ಲಿಗೇ ಬಿತ್ತು.

ಉದ್ದ ತೂತು ಇದ್ದೂ ಸ್ಕ್ರೂ ಅದರ ತುದಿಗೆ ಒತ್ತಿ ನಿಂತಿದೆಯೋ ನೋಡಿ. ಎಷ್ಟೋ ಸಲ ಜೋಡಿಸುವವರು ಸ್ಕ್ರೂವನ್ನು ತೂತಿನ ತಪ್ಪು ತುದಿಯಲ್ಲಿ ಹಾಕಿರುತ್ತಾರೆ, ಕುಗ್ಗಲು ಜಾಗವೇ ಉಳಿದಿರುವುದಿಲ್ಲ.

ನಾರು_ಎಳೆ

ಮೇಲಿನದ್ದಕ್ಕೆ ಸೇರಿಸುತ್ತೇನೆ: "ಹಸಿ ಮರ" ಅನ್ನುವ ಆರೋಪವನ್ನು ಐದು ತಿಂಗಳಾದ ಮೇಲೂ ಪರೀಕ್ಷಿಸಬಹುದು. ಈಗ ಮೀಟರ್ ಚುಚ್ಚಿ "ನೋಡಿ, ಶೇ. 8, ಒಣ ಮರವೇ" ಅಂದರೆ ಅದಕ್ಕೆ ಬೆಲೆ ಇಲ್ಲ. 25 ಮಿ.ಮೀ. ಹಲಗೆ ಅಷ್ಟು ಹೊತ್ತಿಗೆ ಕೋಣೆಯ ಗಾಳಿಗೆ ಹೆಚ್ಚುಕಡಿಮೆ ಹೊಂದಿಕೊಂಡಿರುತ್ತದೆ. ನೋಡಬೇಕಾದ್ದು ಎಷ್ಟು ಕುಗ್ಗಿದೆ ಅನ್ನುವುದು.

ಬಿರುಕಿಲ್ಲದ ಜಾಗದಲ್ಲಿ ಟಾಪಿನ ಅಗಲ ಅಳೆಯಿರಿ. ಬಿಲ್ಲಿನಲ್ಲಿ 900, ಈಗ 893 ಅನ್ನಿ. 7 ಮಿ.ಮೀ. ಕುಗ್ಗಿದೆ, ಅಂದರೆ ಶೇ. 0.78. ಅದನ್ನು 0.186ರಿಂದ ಭಾಗಿಸಿದರೆ 4.2. ಇವತ್ತಿನ ಮೀಟರ್ 8 ತೋರಿಸಿದರೆ ಹೊರಟಾಗ ಸುಮಾರು 12 ಇತ್ತು, ತಪ್ಪಿಲ್ಲ. ಆದರೆ ಹಲಗೆಗಳು ನೆಟ್ಟಗೆರೆಯವಾಗಿದ್ದರೆ 0.101ರಿಂದ ಭಾಗಿಸಬೇಕು. ಉತ್ತರ 7.7, ಹೊರಟಾಗ 15ರಿಂದ 16 ಇತ್ತು ಅಂತಾಯಿತು. ಒಣ ಕೋಣೆಗೆ ಹೋಗುವ ಮೇಜಿಗೆ ಅದು ಹೆಚ್ಚೇ. ಅದಕ್ಕೇ ಹಲಗೆಯ ತುದಿಯಲ್ಲಿ ಉಂಗುರಗಳು ಹೇಗೆ ಕೂತಿವೆ ಅನ್ನುವ ಫೋಟೊ ಇಲ್ಲದೆ ಈ ಲೆಕ್ಕಕ್ಕೆ ಕೂರಬೇಡಿ. ಎರಡೂ ಬಗೆಯ ಹಲಗೆ ಬೆರೆತಿದ್ದರೆ ಉತ್ತರ ನಡುವೆ ಎಲ್ಲೋ ಇರುತ್ತದೆ.

ಬಿಲ್ಲಿನ ಅಳತೆಯನ್ನು ನಂಬಲಾಗದಿದ್ದರೆ ಸಾಮಾನೇ ಸಾಕ್ಷಿ ಹೇಳುತ್ತದೆ. ಟಾಪಿನ ತುದಿಗೆ ಅಡ್ಡಪಟ್ಟಿ ಜೋಡಿಸಿದ್ದರೆ ಆ ಪಟ್ಟಿಯ ಉದ್ದ ಬದಲಾಗಿರುವುದಿಲ್ಲ, ಟಾಪಿನ ಅಗಲ ಬದಲಾಗಿರುತ್ತದೆ. ಜೋಡಿಸಿದ ದಿನ ಎರಡೂ ಸಮ ಇದ್ದವು, ಈಗ ಪಟ್ಟಿ ಎರಡೂ ಬದಿ 3 ಮಿ.ಮೀ. ಹೊರಗೆ ಬಂದಿದೆ ಅಂದರೆ 6 ಮಿ.ಮೀ. ಕುಗ್ಗಿದೆ. ಬಾಗಿಲಿನ ಚೌಕಟ್ಟಿನೊಳಗಿನ ಹಲಗೆಯಲ್ಲಿ ಪಾಲಿಶ್ ತಾಗದ ಬಿಳಿ ಗೆರೆ ಕಾಣಿಸಿಕೊಂಡರೆ ಅದೂ ಇದೇ ಲೆಕ್ಕ.

ಉಳಿಪೆಟ್ಟು

ಬಿರುಕು ಅಂಟಿನ ಗೆರೆಯ ಮೇಲೆ ಓಡಿದೆಯೋ, ಪಕ್ಕದ ಮರದಲ್ಲೋ? ಅದನ್ನು ಯಾರೂ ಕೇಳಲೇ ಇಲ್ಲ.

ಅಂಟಿನ ಗೆರೆಯಲ್ಲೇ ಬಿಟ್ಟಿದ್ದು, ಒಳಗೆ ನುಣುಪಾಗಿ ಹೊಳೆಯುವ ಅಂಟಿನ ಪದರ ಕಂಡರೆ ಅಂಟು ಹಿಡಿದೇ ಇಲ್ಲ. ಅಂಟು ಕಡಿಮೆ ಬಿತ್ತು, ಕ್ಲ್ಯಾಂಪ್ ಹಾಕುವ ಮೊದಲೇ ಒಣಗಿತು, ಅಥವಾ ತೇಗದ ಎಣ್ಣೆ ಅಡ್ಡ ಬಂತು. ಹೊಸದಾಗಿ ಹತ್ತರಿ (ಮರ ಹೆರೆದು ನಯ ಮಾಡುವ ಉಪಕರಣ) ಹೊಡೆದ ಅಂಚಿಗೆ ಅಸಿಟೋನ್ ಒರೆಸಿ ಆಮೇಲೆ ತಡಮಾಡದೆ ಅಂಟು ಹಚ್ಚಬೇಕಾದ್ದು ತೇಗಕ್ಕೆ ಇದೇ ಕಾರಣಕ್ಕೆ. ಅಂಟು ಬಿಳಿ ಸುಣ್ಣದ ಪುಡಿಯ ಹಾಗಿದ್ದರೆ ಚಳಿಯಲ್ಲಿ ಹಚ್ಚಿದ್ದಾರೆ, ಬಿಳಿ ಅಂಟು ಪದರ ಕಟ್ಟಿಲ್ಲ. ಇವೆಲ್ಲ ಕಾರ್ಖಾನೆಯ ತಪ್ಪು, ಬಳಕೆಗೆ ಸಂಬಂಧವಿಲ್ಲ.

ಎರಡೂ ಮೈಗೆ ಕಿತ್ತ ನಾರು ಅಂಟಿಕೊಂಡಿದ್ದರೆ ಅಂಟು ಮರಕ್ಕಿಂತ ಗಟ್ಟಿಯಾಗಿತ್ತು ಅಂತ ಅರ್ಥ. ಆಗ ಎಳೆದ ಶಕ್ತಿ ಯಾವುದು ಅಂತ ಹುಡುಕಬೇಕು, ಹತ್ತರಿಪುಡಿಯವರ ಸ್ಕ್ರೂ ಕಡೆಗೆ ವಾಪಸ್ ಹೋಗಿ.

ಬಿಲ್ಲು_ಬಾಕಿ

ಕೊಳ್ಳುವವರ ಪರ ಒಂದು ಮಾತು. "ಮರ ಅಂದಮೇಲೆ ಸಹಜ" ಅನ್ನುವುದು ಈ ಕಸುಬಿನ ಅತಿ ಸೋಮಾರಿ ಉತ್ತರ. ಮರ ಅಲುಗಾಡುತ್ತದೆ ಅಂತ ಗೊತ್ತಿರುವುದು ಮಾಡುವವರಿಗೆ, ಕೊಳ್ಳುವವರಿಗಲ್ಲ. ಗೊತ್ತಿದ್ದವರು ಅದಕ್ಕೆ ಜಾಗ ಬಿಟ್ಟು ಮಾಡಬೇಕು. ಋತು ಬದಲಾದಾಗ ಡ್ರಾಯರ್ ಸ್ವಲ್ಪ ಬಿಗಿಯಾಗುವುದು ಸಹಜ. ಹಲಗೆ ಸೀಳುವುದು ಸಹಜ ಅಲ್ಲ.

ಹತ್ತರಿಪುಡಿ

ಒಪ್ಪಿದೆ, ಆದರೆ ಅರ್ಧ. ಎ.ಸಿ.ಯ ಗಾಳಿ ನೇರವಾಗಿ ಟಾಪಿಗೆ ಬೀಸುವುದು, ಹೀಟರ್ ಪಕ್ಕ ಇಡುವುದು, ಕಿಟಕಿಯ ಬಿಸಿಲಿಗೆ ಒಂದೇ ತುದಿ ಒಡ್ಡುವುದು, ಇವಕ್ಕೆ ಯಾವ ಉದ್ದ ತೂತೂ ಸಾಲದು, ಏಕೆಂದರೆ ಒಂದು ಭಾಗ ಮಾತ್ರ ಒಣಗುತ್ತದೆ. ಕೋಣೆಯ ಸಾಪೇಕ್ಷ ಆರ್ದ್ರತೆ ಶೇ. 65 ಇದ್ದರೆ ಮರ ಸುಮಾರು ಶೇ. 12ಕ್ಕೆ ನಿಲ್ಲುತ್ತದೆ, 45 ಇದ್ದರೆ 8ರ ಆಸುಪಾಸು, 30ಕ್ಕೆ ಇಳಿದರೆ 6ರ ಹತ್ತಿರ. ಮಾಡುವವರು "ಈ ಸಾಮಾನು ಶೇ. 40ರಿಂದ 65 ಆರ್ದ್ರತೆಗೆ ಮಾಡಿದ್ದು" ಅಂತ ಮೊದಲೇ ಬರೆದು ಕೊಟ್ಟಿದ್ದರೆ ಆಮೇಲೆ ಮಾತಾಡಲು ಒಂದು ಗೆರೆ ಇರುತ್ತದೆ. ಬರೆಯದೇ ಇದ್ದಾಗ, ಸಾಮಾನ್ಯ ಮನೆಯ ಕೋಣೆಯನ್ನು ತಡೆಯದ ಮೇಜಿಗೆ ಮಾಡಿದವರೇ ಹೊಣೆ ಅನ್ನುವುದು ನನ್ನ ನಿಲುವು.

ಒಂದು ಸಣ್ಣ ಆರ್ದ್ರತೆ ಮೀಟರ್ ಅನ್ನು ಮೇಜಿನ ಮೇಲೆ ವಾರ ಇಟ್ಟು, ಬೆಳಿಗ್ಗೆ-ರಾತ್ರಿ ಓದು ಬರೆದಿಡಲು ಗ್ರಾಹಕರಿಗೆ ಹೇಳಿ. ಎ.ಸಿ. ಜಗಳ ಅಲ್ಲಿಗೆ ಅಂಕಿಗೆ ಬರುತ್ತದೆ.

ಮೊಳೆಚೀಲ

ತೇವಾಂಶ ಮೀಟರ್ ಬಗ್ಗೆ ಎಚ್ಚರ. ಚುಚ್ಚುವ ಮೀಟರಿನಲ್ಲಿ ಮರದ ಜಾತಿಯ ತಿದ್ದುಪಡಿ ಹಾಕದಿದ್ದರೆ ಓದು ಒಂದೆರಡು ಅಂಕ ಆಚೀಚೆ. ಕೆಳಮೈಯಲ್ಲಿ, ಪಾಲಿಶ್ ಇಲ್ಲದ ಕಡೆ, ತುದಿಯಿಂದ ದೂರ ಮೂರು ನಾಲ್ಕು ಜಾಗದಲ್ಲಿ ಚುಚ್ಚಿ. ಚುಚ್ಚದೆ ಮೇಲಿಡುವ ಮೀಟರ್ ಒಳಗೆ ಸುಮಾರು 20 ಮಿ.ಮೀ. ತನಕ ಓದುತ್ತದೆ. ತೆಳು ಹಲಗೆಯನ್ನು ಕಬ್ಬಿಣದ ಮೇಲೆ ಇಟ್ಟು ಅಳೆದರೆ ಓದುವುದು ಕಬ್ಬಿಣವನ್ನೇ. ಕೆಳಗೆ ಗಾಳಿಗೆ ಜಾಗ ಬಿಟ್ಟು ಹಿಡಿಯಬೇಕು. ತಕರಾರು ದೊಡ್ಡದಾಗಿ ಪಕ್ಕಾ ಅಂಕಿಯೇ ಬೇಕಾದರೆ ಓವನ್ನಿನಲ್ಲಿ ಒಣಗಿಸುವ ವಿಧಾನ: ತುಂಡನ್ನು ತೂಗಿ, 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಟ್ಟು ಮತ್ತೆ ತೂಗಿ, ವ್ಯತ್ಯಾಸವನ್ನು ಒಣ ತೂಕದಿಂದ ಭಾಗಿಸುವುದು. ಹಸಿ ತೂಕದಿಂದ ಭಾಗಿಸಿ ಕಡಿಮೆ ಅಂಕಿ ತೋರಿಸುವವರೂ ಇದ್ದಾರೆ, ನೋಡಿಕೊಳ್ಳಿ.

ಅರಗುಬಟ್ಟೆ

ಮೇಜು ಸಾಕು, ಪಾಲಿಶ್‌ಗೆ ಬನ್ನಿ. ದೂರು ಬರುವುದು ಅಲ್ಲೇ ಜಾಸ್ತಿ, ಜಗಳ ಬಗೆಹರಿಯುವುದೂ ಅಲ್ಲೇ ಸುಲಭ.

"ಪಿಯು (ಪಾಲಿಯುರೆಥೇನ್ ಪಾಲಿಶ್) ಹೇಳಿ ಅಗ್ಗದ್ದು ಹೊಡೆದಿದ್ದಾರೆ" ಅನ್ನುವ ದೂರಿಗೆ, ಕಾಣದ ಜಾಗದಲ್ಲಿ ಹತ್ತಿಯ ಮೊನೆಯಿಂದ ಒಂದು ತೊಟ್ಟು ಸ್ಪಿರಿಟ್ ಇಡಿ. ಅಂಟಂಟಾಗಿ ಕರಗಿದರೆ ಅರಗಿನ ಪಾಲಿಶ್. ಏನೂ ಆಗದಿದ್ದರೆ ಲ್ಯಾಕರ್ ಥಿನ್ನರ್ ಒಂದು ತೊಟ್ಟು. ಕರಗಿದರೆ ಎನ್.ಸಿ. (ನೈಟ್ರೊಸೆಲ್ಯುಲೋಸ್) ಲ್ಯಾಕರ್. ಎರಡಕ್ಕೂ ಕರಗದೆ ನಿಂತರೆ ಪಿಯು ಅಥವಾ ಮೆಲಮೈನ್ ಥರದ ಗಟ್ಟಿಯಾಗುವ ಪಾಲಿಶ್. ಇಬ್ಬರ ಮುಂದೆ, ವಿಡಿಯೊದಲ್ಲಿ ಮಾಡಿದರೆ ಮರುಮಾತಿಲ್ಲ.

ಬಿಸಿ ಲೋಟ ಇಟ್ಟ ಬಿಳಿ ಉಂಗುರ ಅಂದರೆ ಪದರದೊಳಗೆ ತೇವ ಸಿಕ್ಕಿಕೊಂಡಿದೆ. ಅರಗಿನಲ್ಲಿ ಅದು ಬಂದೇ ಬರುತ್ತದೆ, ಊಟದ ಮೇಜಿಗೆ ಅರಗು ಹೊಡೆದು ಕೊಡುವವರು ಮೊದಲೇ ಹೇಳಬೇಕು. ಸಾಮಾನು ಬಂದಾಗಲೇ ಇಡೀ ಮೈ ಮಂಜು ಕವಿದ ಹಾಗಿದ್ದರೆ ಮಳೆಗಾಲದ ತೇವದಲ್ಲಿ ಸ್ಪ್ರೇ ಹೊಡೆದದ್ದು, ಅದು ಮಾಡಿದವರ ತಪ್ಪು. ವಾರಗಳಾದರೂ ಕೈಗೆ ಅಂಟುವುದು ಎರಡು ಕಾರಣಕ್ಕೆ: ಎಣ್ಣೆ ಪಾಲಿಶನ್ನು ದಪ್ಪಗೆ ಬಿಟ್ಟು ಒರೆಸದೇ ಇದ್ದದ್ದು, ಇಲ್ಲವೇ ಎರಡು ಭಾಗದ ಪಾಲಿಶ್‌ನಲ್ಲಿ ಗಟ್ಟಿಕಾರಕದ ಅಳತೆ ತಪ್ಪಿದ್ದು. ಮೊದಲನೆಯದು ಟರ್ಪೆಂಟೈನ್ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ. ಎರಡನೆಯದಕ್ಕೆ ಪೂರ್ತಿ ಕೆರೆದು ಮತ್ತೆ ಹೊಡೆಯುವುದೇ ದಾರಿ.

ಬಣ್ಣದ ತಕರಾರಿಗೆ ಫೋಟೊ ತಂದು ತೋರಿಸಬೇಡಿ, ಮೊಬೈಲಿನ ಪರದೆ ನೂರು ಬಣ್ಣ ತೋರಿಸುತ್ತದೆ. ಆರ್ಡರ್ ತೆಗೆದುಕೊಳ್ಳುವಾಗ ಅದೇ ಮರದ 150 × 100 ಮಿ.ಮೀ. ತುಂಡಿಗೆ ಪೂರ್ತಿ ಪಾಲಿಶ್ ಹೊಡೆದು, ಎರಡಾಗಿ ಕೊಯ್ದು, ಹಿಂದೆ ತಾರೀಖು ಸಹಿ ಹಾಕಿ ಇಬ್ಬರೂ ಒಂದೊಂದು ಇಟ್ಟುಕೊಳ್ಳಿ. ಹೋಲಿಕೆ ಹಗಲಿನ ಬೆಳಕಿನಲ್ಲಿ. ತೇಗ ಕೊಯ್ದ ಹೊಸತರಲ್ಲಿ ಪಟ್ಟೆಪಟ್ಟೆಯಾಗಿದ್ದು ಬೆಳಕಿಗೆ ಹೊಂಬಣ್ಣಕ್ಕೆ ಒಂದಾಗುತ್ತದೆ ಅನ್ನುವುದನ್ನೂ ಅದೇ ಚೀಟಿಯಲ್ಲಿ ಬರೆಯಿರಿ, ಇಲ್ಲದಿದ್ದರೆ ಮೊದಲ ವಾರದಲ್ಲೇ ಫೋನ್ ಬರುತ್ತದೆ.

ಲೇತ್_ಸದ್ದು

ಲೇತ್‌ನಲ್ಲಿ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಕಡೆದ ಬಟ್ಟಲುಗಳಿಗೆ ಮೇಲಿನ ಅರ್ಧ ನಿಯಮ ಅನ್ವಯಿಸುವುದಿಲ್ಲ. ಹಸಿ ಮರದಲ್ಲಿ ಒಂದೇ ಸಲ ಕಡೆದ ಬಟ್ಟಲು ಒಣಗಿದಾಗ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕೆಲವರು ಅದನ್ನೇ ಬಯಸಿ ಮಾಡುತ್ತಾರೆ. ಮಾರುವಾಗ ಹೇಳಿದ್ದರೆ ಅದು ದೋಷವಲ್ಲ, ಮುಚ್ಚಳ ಕೂರಬೇಕಾದ ಡಬ್ಬಿಯಲ್ಲಾದರೆ ಖಂಡಿತ ದೋಷ. ಡಬ್ಬಿಗೆ ದಪ್ಪಗೆ ಒರಟಾಗಿ ಕಡೆದು, ಒಣಗಿಸಿ, ಮತ್ತೆ ಕಡೆಯಬೇಕು.

ಬಟ್ಟಲಿನ ತಳದ ನಡುವಿಂದ ಹೊರಟ ಬಿರುಕು ಕಂಡರೆ ಅಲ್ಲಿ ಮರದ ನಟ್ಟನಡುವಿನ ಮೆತ್ತನೆಯ ಬಿಂದು ಉಳಿದಿದೆಯೇ ನೋಡಿ. ಉಳಿದಿದ್ದರೆ ತುಂಡು ಆರಿಸಿದವರ ತಪ್ಪು. ಅಂಚಿನ ಬಿರುಕಿನ ಜೊತೆ ಮೈ ಒರಟಾಗಿ ನಾರು ಎದ್ದಿದ್ದರೆ, ಬಣ್ಣ ಬೂದಿಯಾಗಿದ್ದರೆ, ಡಿಶ್‌ವಾಶರಿಗೆ ಹಾಕಿದ್ದಾರೆ ಇಲ್ಲವೇ ನೀರಲ್ಲಿ ನೆನೆಹಾಕಿದ್ದಾರೆ. ತರಕಾರಿ ಹೆಚ್ಚುವ ಹಲಗೆಗೂ ಇದೇ.

ಸಂದುಗೊಂದು

ಕುಟ್ಟೆ ಹುಳದ ದೂರಿಗೆ? ಗ್ರಾಹಕರ ಮನೆಯಿಂದಲೇ ಬಂತು ಅಂತ ಮಾಡಿದವರು ಯಾವಾಗಲೂ ಹೇಳುತ್ತಾರೆ.

ನಾರು_ಎಳೆ

ಅದು ಹೆಚ್ಚಾಗಿ ನಿಲ್ಲದ ವಾದ. ಹಿಟ್ಟಿನಷ್ಟು ನಯವಾದ ಪುಡಿ, 1ರಿಂದ 2 ಮಿ.ಮೀ. ಗುಂಡು ತೂತು ಇದ್ದರೆ ಆ ಜಾತಿಯ ಹುಳು ಮೊಟ್ಟೆ ಇಡುವುದು ಬರೀ ಮರದ ರಂಧ್ರಗಳಲ್ಲಿ. ಪಾಲಿಶ್ ಪದರದ ಮೂಲಕ ಇಡಲಾರದು. ಎಲ್ಲ ಮೈಗೂ ಪಾಲಿಶ್ ಇರುವ ಸಾಮಾನಿನಲ್ಲಿ ಮೊದಲ ವರ್ಷವೇ ತೂತು ಬಂದರೆ ಮೊಟ್ಟೆ ಪಾಲಿಶ್‌ಗೂ ಮೊದಲೇ ಒಳಗಿತ್ತು. ಕೆಳಮೈ ಬರೀ ಮರವಾಗಿದ್ದರೆ ಮಾತ್ರ ಅನುಮಾನಕ್ಕೆ ಎಡೆ ಇದೆ. ತೂತು ಇರುವುದು ಮರದ ಹೊರಗಿನ ಬಿಳಿ ಭಾಗದಲ್ಲೋ, ಒಳಗಿನ ಗಟ್ಟಿ ಕೆಚ್ಚಿನಲ್ಲೋ ಅದನ್ನೂ ನೋಡಿ. ಈ ಹುಳಕ್ಕೆ ಬೇಕಾದ ಪಿಷ್ಟ ಇರುವುದು ಬಿಳಿ ಭಾಗದಲ್ಲಿ. "ಪೂರ್ತಿ ಕೆಚ್ಚು" ಅಂತ ಹೇಳಿ ಮಾರಿದ್ದರೆ ಅಲ್ಲಿ ಎರಡನೇ ತಕರಾರು ತಾನಾಗಿ ಹುಟ್ಟುತ್ತದೆ.

ಹುಳು ಜೀವಂತ ಇದೆಯೋ ತಿಳಿಯಲು ಇರುವ ತೂತುಗಳಿಗೆಲ್ಲ ಬಣ್ಣದ ಮೇಣ ತುಂಬಿ, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ಹೊಸ ಪುಡಿ, ಹೊಸ ತೂತು ಇಲ್ಲದಿದ್ದರೆ ಅವಸರ ಬೇಡ, ಆದರೆ ಮುಂದಿನ ಬೇಸಿಗೆ ಕಳೆಯುವ ತನಕ ಕಡತ ಮುಚ್ಚಬೇಡಿ. ಬೋರಾನ್ ದ್ರಾವಣ ಪಾಲಿಶ್ ಮೇಲೆ ಹಚ್ಚಿದರೆ ವ್ಯರ್ಥ, ಬರೀ ಮರಕ್ಕೆ ಮಾತ್ರ ಇಳಿಯುತ್ತದೆ.

ಗೋಣಿಪಟ್ಟಿ

ಸಾಗಣೆಯ ಏಟನ್ನು ಮಾಡಿದವರ ತಲೆಗೆ ಕಟ್ಟುವುದೂ ತುಂಬ ನಡೆಯುತ್ತದೆ. ಏಟಿನ ಗುರುತು ಬೇರೆ: ನಾರು ಒಳಕ್ಕೆ ಜಜ್ಜಿರುತ್ತದೆ, ಸೀಳು ಹೊಸದಾಗಿ ಬಿಳಿಚಿಕೊಂಡು ಧೂಳಿಲ್ಲದೆ ಇರುತ್ತದೆ, ಹೊರಗಿನ ಡಬ್ಬದ ಅದೇ ಜಾಗ ತಗ್ಗಾಗಿರುತ್ತದೆ. ಹಳೇ ಬಿರುಕಿನೊಳಗೆ ಪಾಲಿಶ್ ಇಳಿದಿದ್ದರೆ ಅದು ಪಾಲಿಶ್ ಹೊಡೆಯುವ ಮೊದಲೇ ಇದ್ದದ್ದು. ಇದೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ಎಷ್ಟೋ ವಾದ ಮುಗಿಯುತ್ತದೆ.

ಡಬ್ಬ ಬಿಚ್ಚುವ ಮೊದಲು ಆರೂ ಮುಖದ ಫೋಟೊ, ಸಹಿ ಹಾಕುವ ಚೀಟಿಯಲ್ಲೇ "ಡಬ್ಬ ಜಜ್ಜಿದೆ" ಎಂಬ ಸಾಲು, ತಕರಾರು ಮುಗಿಯುವ ತನಕ ಡಬ್ಬ, ಥರ್ಮೊಕೋಲ್ ಎಸೆಯದಿರುವುದು. ಸಾಗಣೆಯವರಿಗೆ ದೂರು ಕೊಡುವ ಗಡುವು ಕೆಲವೇ ದಿನ ಇರುವುದರಿಂದ ಇದನ್ನು ಮಾಡುವವರೇ ಸಾಮಾನಿನ ಜೊತೆ ಬರೆದು ಕಳಿಸಬೇಕು.

ಅರಗುಬಟ್ಟೆ

ಬಿರುಕಿನ ಫೋಟೊ ಹೇಗೆ ತೆಗೆಯಬೇಕು ಅಂತಲೂ ಹೇಳಿಬಿಡಿ. ಬರುವ ಫೋಟೊಗಳಲ್ಲಿ ಮುಕ್ಕಾಲು ಪಾಲು ಯಾವ ಕಾಲು ಯಾವ ಮೂಲೆ ಅಂತಲೇ ತಿಳಿಯುವುದಿಲ್ಲ.

ಗೋಣಿಪಟ್ಟಿ

ಪೂರ್ತಿ ಸಾಮಾನು ಒಂದು, ಒಂದು ಕೈ ದೂರದಿಂದ ಒಂದು, ಸ್ಕೇಲ್ ಪಕ್ಕ ಇಟ್ಟು ಹತ್ತಿರದಿಂದ ಒಂದು, ಹಲಗೆಯ ತುದಿಯದ್ದು ಒಂದು, ಕೆಳಮೈ ಒಂದು. ಟಾರ್ಚನ್ನು ಮೈಗೆ ಒರಗಿಸಿ ಹಿಡಿದರೆ ಉಬ್ಬು ತಗ್ಗು ಎದ್ದು ಕಾಣುತ್ತದೆ. ಫ್ಲಾಶ್ ಹಾಕಿದರೆ ಎಲ್ಲ ಮಾಯ. ಬಿರುಕಿನ ಕೊನೆಗೆ ಪೆನ್ಸಿಲ್ ಗೆರೆ ಹಾಕಿ ತಾರೀಖು ಬರೆಯಿರಿ, ಬೆಳೆಯುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತದೆ. ಅಗಲ ಅಳೆಯಲು ಸಾಧನ ಇಲ್ಲದಿದ್ದರೆ ಮಾಮೂಲಿ ಪ್ರಿಂಟರ್ ಕಾಗದ ಸುಮಾರು 0.1 ಮಿ.ಮೀ. ದಪ್ಪ, ಎಷ್ಟು ಹಾಳೆ ತೂರುತ್ತದೆ ಎಣಿಸಿ.

ಮೇಜು ಅಲುಗುತ್ತದೆ ಅನ್ನುವವರಿಗೆ: ಮೇಜನ್ನು ಸಮತಟ್ಟು ಅಂತ ಖಚಿತವಿರುವ ಬೇರೆ ನೆಲದ ಮೇಲೆ ಇಟ್ಟು ನೋಡಿ. ಅಲ್ಲೂ ಅಲುಗಿದರೆ ಮೇಜಿನ ದೋಷ, ಅಲುಗದಿದ್ದರೆ ಮೊದಲಿನ ನೆಲದ್ದು.

ಬಿಲ್ಲು_ಬಾಕಿ

ಕಾರಣ ಸಿಕ್ಕಿತು ಅಂದುಕೊಳ್ಳಿ. ಪರಿಹಾರ ಹೇಗೆ ಹಂಚುವುದು? ಸಂದುಗೊಂದು ಅವರ ಮೇಜಿನಲ್ಲಿ ಗುಂಡು ತೂತೂ ಇದೆ, ಎ.ಸಿ.ಯೂ ನೇರ ಬೀಸುತ್ತದೆ ಅಂದರೆ?

ಹತ್ತರಿಪುಡಿ

ಆಗ ರಿಪೇರಿ ಕೂಲಿ, ಸಾಮಗ್ರಿ ಮಾಡಿದವರದ್ದು, ಸಾಗಣೆ ಅರ್ಧರ್ಧ, ಎ.ಸಿ. ದಿಕ್ಕು ತಿರುಗಿಸುವುದು ಗ್ರಾಹಕರದ್ದು. ಎರಡರಲ್ಲಿ ಒಂದು ಕಾರಣ ಇಲ್ಲದಿದ್ದರೂ ಬಿರುಕು ಬರುತ್ತಿತ್ತೇ ಅಂತ ಕೇಳಿಕೊಳ್ಳಿ. ಬಿಗಿದ ಸ್ಕ್ರೂ ಇದ್ದರೆ ಎ.ಸಿ. ಇಲ್ಲದೆಯೂ ಒಣ ಋತುವಿಗೆ ಬರುತ್ತಿತ್ತು, ಹಾಗಾಗಿ ಭಾರ ಮಾಡಿದವರ ಕಡೆಗೇ. ಕೈಕೆಲಸದ ಸಾಮಾನಿಗೆ ಮೊದಲು ರಿಪೇರಿ, ಆಗದಿದ್ದರೆ ಬದಲಿ ಭಾಗ (ಇಲ್ಲಿ ಬರೀ ಟಾಪ್), ಅದೂ ಆಗದಿದ್ದರೆ ಹಣ. ಹಾಗೇ ಇಟ್ಟುಕೊಳ್ಳಲು ಗ್ರಾಹಕರು ಒಪ್ಪಿದರೆ ಸ್ವಲ್ಪ ಹಣ ವಾಪಸ್. ಒಂದೇ ದೋಷಕ್ಕೆ ಎರಡನೇ ರಿಪೇರಿಯೂ ಸೋತರೆ ಮೂರನೆಯದಕ್ಕೆ ಕೈ ಹಾಕದೆ ಹಣ ಕೊಟ್ಟುಬಿಡಿ. ದೇಶದ ಗ್ರಾಹಕ ಕಾನೂನು ಕೊಡುವ ಹಕ್ಕನ್ನು "ಮಾರಿದ್ದು ವಾಪಸಿಲ್ಲ" ಎಂಬ ಬಿಲ್ಲಿನ ಸಾಲು ಅಳಿಸಲಾರದು, ಅದನ್ನು ನೆಚ್ಚಿ ಕೂರಬೇಡಿ.

ಒಮ್ಮತ ಬರದಿದ್ದರೆ ಇಬ್ಬರಿಗೂ ವ್ಯವಹಾರ ಇಲ್ಲದ ಮೂರನೇ ಬಡಗಿಯನ್ನು ಕರೆಸಿ. ಅವರ ಕೂಲಿ ಅರ್ಧರ್ಧ, ಅವರ ಮಾತಿಗೆ ಬದ್ಧ ಅಂತ ಮೊದಲೇ ಬರೆದುಕೊಳ್ಳಿ, ವರದಿ ಬಂದಮೇಲೆ ಅಲ್ಲ. "ಯಾರ ತಪ್ಪು?" ಅಂತ ಕೇಳಬೇಡಿ, "ಬಿರುಕಿನ ಕಾರಣ ಏನು, ಯಾವ ಗುರುತಿನಿಂದ ಹೇಳುತ್ತೀರಿ?" ಅಂತ ಕೇಳಿ.

ಉಳಿಪೆಟ್ಟು

ರಿಪೇರಿ ಅಂದರೆ ಬಿರುಕಿಗೆ ಎಪಾಕ್ಸಿ ತುಂಬಿ ಪಾಲಿಶ್ ಹೊಡೆಯುವುದಲ್ಲ, ಅದನ್ನು ದಯವಿಟ್ಟು ಚೀಟಿಯಲ್ಲೇ ಬರೆಸಿ. ಒಣ ಕಾಲದಲ್ಲಿ ತುಂಬಿದರೆ ತೇವ ಬಂದಾಗ ಮರ ಉಬ್ಬಲು ಜಾಗವಿಲ್ಲದೆ ಬಿರುಕಿನ ಕೊನೆಯಲ್ಲಿ ಇನ್ನಷ್ಟು ಸೀಳುತ್ತದೆ.

ಮೊದಲ ಭೇಟಿಯಲ್ಲಿ ಸ್ಕ್ರೂ ಬಿಚ್ಚಿ, ಅಂಚಿನ ತೂತುಗಳನ್ನು ಉದ್ದ ಮಾಡಿ, ವಾಷರ್ ಹಾಕಿ ಸಡಿಲವಾಗಿ ಕೂರಿಸಿ ಬನ್ನಿ. ಎರಡು ಮೂರು ವಾರ ಬಿಡಿ. ಬಿರುಕು ಎಷ್ಟೋ ಸಲ ತಾನಾಗಿ ಅರ್ಧಕ್ಕಿಂತ ಹೆಚ್ಚು ಮುಚ್ಚಿಕೊಳ್ಳುತ್ತದೆ. ಆಮೇಲೂ ಉಳಿದದ್ದು ಅಂಟಿನ ಗೆರೆಯಲ್ಲಿದ್ದರೆ ಆ ಗೆರೆಯ ಉದ್ದಕ್ಕೆ ಟಾಪನ್ನು ಕೊಯ್ದು, ಅಂಚು ಹತ್ತರಿ ಹೊಡೆದು ಮತ್ತೆ ಅಂಟಿಸಬೇಕು. ಗರಗಸ, ಹತ್ತರಿ ಸೇರಿ ಅಗಲ 4ರಿಂದ 5 ಮಿ.ಮೀ. ಕಡಿಮೆಯಾಗುತ್ತದೆ, ಅದಕ್ಕೆ ಗ್ರಾಹಕರ ಒಪ್ಪಿಗೆ ಮೊದಲೇ ಬೇಕು. ಮರದಲ್ಲೇ ಸೀಳಿದ್ದರೆ ಆ ಹಲಗೆಯನ್ನೇ ಬದಲಿಸಿ.

ಒಪ್ಪಂದದ ಚೀಟಿಗೆ ಇಷ್ಟು ಸಾಕು: "ಕಾರಣ: ಟಾಪ್ ಕುಗ್ಗಲು ಜಾಗವಿಲ್ಲದೆ ಬಿಗಿದದ್ದು. ಸ್ಕ್ರೂ ಸಡಿಲಿಸುವುದು ಇಂಥ ತಾರೀಖಿನೊಳಗೆ. ಮೂರು ವಾರದ ನಂತರ ಇಬ್ಬರೂ ಸೇರಿ ಅಳತೆ. 0.5 ಮಿ.ಮೀ.ಗಿಂತ ಹೆಚ್ಚು ಉಳಿದರೆ ಕೊಯ್ದು ಅಂಟಿಸುವುದು, ಪಾಲಿಶ್ ಪೂರ್ತಿ ಟಾಪಿಗೆ. ಅದೇ ಜಾಗದ ಬಿರುಕಿಗೆ ಒಂದು ಒಣ ಋತು, ಒಂದು ಮಳೆಗಾಲ ಮುಗಿಯುವ ತನಕ ಹೊಣೆ." ವರ್ಷ ಅಂತ ಬರೆಯುವುದಕ್ಕಿಂತ ಋತು ಅಂತ ಬರೆಯುವುದು ಮೇಲು, ಏಕೆಂದರೆ ರಿಪೇರಿ ಯಾವ ತಿಂಗಳಲ್ಲಿ ಆದರೂ ಟಾಪ್ ಒಮ್ಮೆ ಕುಗ್ಗಿ ಒಮ್ಮೆ ಉಬ್ಬಿದ್ದನ್ನು ನೋಡಿಯೇ ಹೊಣೆ ಮುಗಿಯುತ್ತದೆ.